ಹಲಗೆನೂ ಮೀಥೇನ್ ಬಿಡ್ತು: ಬಾಡಿಗೆ ಅನಲೈಸರ್ ಜೊತೆ ಫಿನ್ಲೆಂಡ್ ಕಾಡಲ್ಲಿ ಮೂರು ತಿಂಗಳು

ಮೇ ಕೊನೇ ವಾರದಿಂದ ಆಗಸ್ಟ್ ಮುಗಿಯೋವರೆಗೂ ಒಂದು ಪೋರ್ಟಬಲ್ ಮೀಥೇನ್ ಅನಲೈಸರನ್ನ ಬೆನ್ನಿಗೆ ಹಾಕ್ಕೊಂಡು ಟಾಂಪೆರೆಯಿಂದ ಈಶಾನ್ಯಕ್ಕಿರೋ ಪೈನ್ ಕಾಡಲ್ಲಿ ಓಡಾಡಿದೀನಿ. ಸ್ವಂತದ್ದಲ್ಲ, ಬಾಡಿಗೆದು. ಕೊಂಡ್ಕೊಳ್ಳೋಣ ಅಂದ್ರೆ ಆ ದುಡ್ಡಿಗೆ ಒಂದು ಒಳ್ಳೇ ಹೊಸ ಕಾರೇ ಬರುತ್ತೆ, ಅದಕ್ಕೇ ನಮ್ಮ ರಿಸರ್ಚ್ ಗೈಡ್ ಒಂದು ಸೀಸನ್ ಬಾಡಿಗೆಗೆ ತಗೊಂಡು ನೋಡೋಣ ಅಂದ್ರು. ಕಂಪನಿ ಹೆಸರು, ಮಾಡೆಲ್ ನಂಬರ್ ಎರಡೂ ಹಾಕಲ್ಲ, ಒಂದೇ ಪೀಸ್ ಬಳಸಿ ಇಡೀ ಕಂಪನಿಗೆ ಕೆಟ್ಟ ಹೆಸರು ತರೋದು ನ್ಯಾಯ ಅಲ್ಲ, ಆದ್ರೆ ಈ ಜಾತಿ ಮೆಷಿನ್ ಬಾಡಿಗೆಗೋ ಖರೀದಿಗೋ ತಗೊಳ್ಳೋರು ಇದನ್ನ ಓದಿದ್ರೆ ನಾನು ಕಳ್ಕೊಂಡ ಹತ್ತೊಂಬತ್ತು ಮಧ್ಯಾಹ್ನ ಅವರಿಗೆ ಉಳಿಯುತ್ತೆ.

ಮೊದ್ಲು ಇದು ಮಾಡೋ ಕೆಲಸ ಏನು ಅಂತ. ಗಾಳೀಲಿ ಮೀಥೇನ್ ಈಗ ಸುಮಾರು 1,900 ಪಿಪಿಬಿಗಿಂತ ಸ್ವಲ್ಪ ಜಾಸ್ತಿ ಇದೆ, ಅಂದ್ರೆ ನೂರು ಕೋಟಿ ಗಾಳಿ ಕಣ ಎಣಿಸಿದ್ರೆ ಅದರಲ್ಲಿ ಸಾವಿರದ ಒಂಬೈನೂರು ಚಿಲ್ಲರೆ ಮೀಥೇನ್. ಕಾರ್ಖಾನೆಗಳು ಶುರುವಾಗೋಕ್ ಮುಂಚೆ ಇದು 700 ಚಿಲ್ಲರೆ ಇತ್ತು. ನಾವು ನೋಡ್ಬೇಕಾಗಿರೋದು ಕಾಡಿನ ನೆಲ ಈ ಮೀಥೇನನ್ನ ಬಿಡುತ್ತಾ ಹೀರುತ್ತಾ, ಎಷ್ಟು ವೇಗವಾಗಿ. ಅದಕ್ಕೆ ನೆಲದಲ್ಲಿ ಮೊದಲೇ ಹುಗಿದಿಟ್ಟ ಸ್ಟೀಲ್ ಕಾಲರ್ (ಅಂದ್ರೆ ದೊಡ್ಡ ಬಳೆ) ಮೇಲೆ ಒಂದು ಡಬ್ಬಿ ಬೋರಲು ಹಾಕ್ತೀವಿ, ಇದಕ್ಕೆ ಚೇಂಬರ್ ಅಂತೀವಿ, ಡಬ್ಬಿಯಿಂದ ಎರಡು ಪೈಪ್ ಮೆಷಿನ್ನಿಗೆ, ಒಂದರಲ್ಲಿ ಗಾಳಿ ಹೋಗುತ್ತೆ ಇನ್ನೊಂದರಲ್ಲಿ ವಾಪಸ್ ಬರುತ್ತೆ, ಐದು ನಿಮಿಷ ಸ್ಕ್ರೀನ್ ನೋಡ್ಕೊಂಡು ಕೂರೋದು. ಗೆರೆ ಮೇಲಕ್ ಹೋದ್ರೆ ನೆಲ ಬಿಡ್ತಿದೆ, ಕೆಳಗಿಳಿದ್ರೆ ನೆಲ ತಿಂತಿದೆ.

ಹಳೇ ಪದ್ಧತಿ ಮಾಡಿದವರಿಗೆ ಗೊತ್ತು ಇದು ಎಂಥಾ ಸುಖ ಅಂತ. ಮೊದಲು ಇದೇ ಚೇಂಬರಿನಿಂದ ಅರ್ಧ ಗಂಟೆ ಮುಕ್ಕಾಲು ಗಂಟೆ ಹೊತ್ತಲ್ಲಿ ನಾಕೈದು ಸಲ ಸಿರಿಂಜಲ್ಲಿ ಗಾಳಿ ಎಳೆದು, ಸಣ್ಣ ಗಾಜಿನ ಬಾಟಲಿಗೆ ಚುಚ್ಚಿ ತುಂಬಿ, ಲೇಬಲ್ ಬರೆದು, ಲ್ಯಾಬಿಗೆ ತಂದು ಗ್ಯಾಸ್ ಕ್ರೊಮಟೋಗ್ರಾಫಿಗೆ ಹಾಕಿ, ರಿಸಲ್ಟ್ ಬಂದಾಗ ಎರಡನೇ ಬಾಟಲಿ ಲೀಕ್ ಆಗಿದೆ ಅಂತ ಗೊತ್ತಾಗೋದು. ಅಷ್ಟೊತ್ತಿಗೆ ಕಾಡಲ್ಲಿ ಸೀಸನ್ನೇ ಮುಗಿದಿರೋದು. ಈ ಮೆಷಿನ್ ಸೆಕೆಂಡಿಗೊಂದು ನಂಬರ್ ಕೊಡುತ್ತೆ, ಅಲ್ಲೇ, ಕಣ್ಣೆದುರಿಗೇ. ಒಳಗಡೆ ಒಂದು ಸಣ್ಣ ಕೋಣೆ, ಎದುರುಬದರು ಕನ್ನಡಿ, ಲೇಸರ್ ಬೆಳಕು ಅದರ ಮಧ್ಯೆ ಸಾವಿರಾರು ಸಲ ಪುಟಿದು ಪುಟಿದು ಕಿಲೋಮೀಟರ್‌ಗಟ್ಟಲೆ ದಾರಿ ಸವೆಸುತ್ತೆ, ಆ ದಾರೀಲಿ ಮೀಥೇನ್ ಎಷ್ಟು ಬೆಳಕು ನುಂಗ್ತು ಅನ್ನೋದರ ಮೇಲೆ ಲೆಕ್ಕ. ಒಂದಡಿಗಿಂತ ಚಿಕ್ಕ ಜಾಗದಲ್ಲಿ ಕಿಲೋಮೀಟರ್‌ಗಟ್ಟಲೆ ದಾರಿ ಅನ್ನೋದು ನನಗಂತೂ ಈಗಲೂ ಮಜಾ ಅನ್ಸುತ್ತೆ.

ತೂಕ ಬ್ಯಾಟರಿ ಸೇರಿ ಹತ್ತು ಕೆಜಿ ಚಿಲ್ಲರೆ. ಬ್ರೋಶರಲ್ಲಿ ಒಬ್ಬ ನಗ್ತಾ ಬೆನ್ನಿಗೆ ಹಾಕ್ಕೊಂಡು ಹುಲ್ಲುಗಾವಲಲ್ಲಿ ನಡೀತಿರೋ ಫೋಟೋ ಇದೆ. ಅವನ ಕೈಲಿ ಚೇಂಬರ್ ಇಲ್ಲ, ಟ್ಯಾಬ್ಲೆಟ್ ಇಲ್ಲ, ಮಣ್ಣಿನ ತೇವ ಅಳೆಯೋ ಕೋಲಿಲ್ಲ, ಸ್ಪೇರ್ ಬ್ಯಾಟರಿ ಇಲ್ಲ, ನೀರಿನ ಬಾಟಲಿನೂ ಇಲ್ಲ. ಇವೆಲ್ಲಾ ಸೇರಿಸಿ ಮೊಣಕಾಲುದ್ದ ಬ್ಲೂಬೆರಿ ಗಿಡ, ಪಾಚಿ ಮುಚ್ಚಿರೋ ಜಾರೋ ಬಂಡೆ, ಬಿದ್ದ ಮರ ದಾಟ್ಕೊಂಡು ದಿನಕ್ಕೆ 24 ಕಾಲರ್ ಸುತ್ತಿ ಬಂದ್ರೆ ರಾತ್ರಿ ಭುಜ ಮಾತಾಡುತ್ತೆ. ಬೆಲ್ಟಿನ ಸೊಂಟಪಟ್ಟಿ ನನ್ನಂಥ ಸಣ್ಣ ಮೈಯವರಿಗೆ ಪೂರ್ತಿ ಬಿಗಿ ಆಗಲ್ಲ, ಎಲ್ಲಾ ಭಾರ ಭುಜಕ್ಕೇ. ಇದು ನೋಡೋಕೆ ಚಿಕ್ಕ ವಿಷಯ, ಮೂರು ತಿಂಗಳು ಹೊತ್ತ ಮೇಲೆ ಚಿಕ್ಕದಲ್ಲ.

ಈಗ ಅಳತೆ ವಿಷಯಕ್ಕೆ ಬರೋಣ, ರೇಟಿಂಗ್ ನಿಂತಿರೋದು ಇದರ ಮೇಲೇನೇ.

ಜೌಗಿಗೆ ಹೋದ್ರೆ ಈ ಮೆಷಿನ್ ರಾಜ. ನಮ್ಮ ಕಾಡಿನ ಅಂಚಲ್ಲಿ ಒಂದು ಜೌಗು ಇದೆ, ಸ್ಫ್ಯಾಗ್ನಂ ಪಾಚಿ, ಮಧ್ಯೆ ಮಧ್ಯೆ ಜಂಬುಹುಲ್ಲಿನ ಥರದ ಸೆಡ್ಜ್, ನಡೆಯೋಕೆ ಹಲಗೆ ದಾರಿ. ಹಲಗೆ ಬಿಟ್ಟು ಕಾಲಿಟ್ರೆ ಕೆಳಗಿನಿಂದ ಗುಳುಗುಳು ಅಂತ ಗುಳ್ಳೆ ಬರುತ್ತೆ, ಆ ಗುಳ್ಳೆ ತುಂಬಾ ಮೀಥೇನೇ, ಅಳತೆ ಕೆಟ್ಟಂಗೇ. ನೀರಡಿಯಲ್ಲಿ ಆಕ್ಸಿಜನ್ ಇಲ್ಲದ ಕಡೆ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳು ಮಾಡೋ ಮೀಥೇನ್ ಅದು, ಸೆಡ್ಜ್ ಗಿಡದ ಒಳಗೆ ಟೊಳ್ಳು ನಾಳ ಇರುತ್ತಲ್ಲ, ಅದೇ ಚಿಮಣಿ ಥರ ಅದನ್ನ ಮೇಲಕ್ ತಂದು ಬಿಡುತ್ತೆ. ಇಲ್ಲಿ ಚೇಂಬರ್ ಮುಚ್ಚಿದ್ರೆ ಸ್ಕ್ರೀನಲ್ಲಿ 2,010 ಇದ್ದಿದ್ದು ನಿಮಿಷಕ್ಕೆ 400ರ ಲೆಕ್ಕದಲ್ಲಿ ಏರಿ ಐದು ನಿಮಿಷಕ್ಕೆ 4,000 ದಾಟುತ್ತೆ. ಗೆರೆ ಸ್ಕೇಲ್ ಇಟ್ಟು ಎಳೆದಂಗೆ. ಮೊದಲ ದಿನ ಇದನ್ನ ನೋಡಿ ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಆದ್ರೆ ನಿಜ ಹೇಳ್ಬೇಕಂದ್ರೆ ಇಷ್ಟು ದೊಡ್ಡ ಏರಿಕೆ ಅಳೆಯೋಕೆ ಇಷ್ಟು ದುಬಾರಿ ಮೆಷಿನ್ ಬೇಕಾಗೇ ಇಲ್ಲ, ಹಳೇ ಸಿರಿಂಜೂ ಅದನ್ನ ಹಿಡಿಯುತ್ತೆ.

ದುಡ್ಡು ಕೊಟ್ಟಿರೋದು ಒಣ ಕಾಡಿಗೆ. ಜೌಗಿಂದ 200 ಮೀಟರ್ ಮೇಲಕ್ ಬಂದ್ರೆ ಪೈನ್ ಮರ, ಕೆಳಗೆ ಲಿಂಗನ್‌ಬೆರಿ, ಹೊಳೆಯೋ ಪಾಚಿ, ಅದರ ಕೆಳಗೆ ಬೆರಳುದ್ದ ಕಪ್ಪು ಹ್ಯೂಮಸ್ (ಎಲೆ ಕೊಳೆತು ಆದ ಮಣ್ಣು), ಅದರ ಕೆಳಗೆ ಬೂದಿ ಬಣ್ಣದ ಮರಳು ಮಣ್ಣು. ಇಲ್ಲಿ ಚೇಂಬರ್ ಮುಚ್ಚಿದ್ರೆ 1,984 ಅಂತ ಶುರುವಾಗಿದ್ದು ನಿಧಾನಕ್ಕೆ, ಬೇಜಾರಾಗಿ ಇಳಿದಂಗೆ, 1,978, 1,972, ಐದು ನಿಮಿಷ ಆದಾಗ 1,955. ಅಂದ್ರೆ ನಿಮಿಷಕ್ಕೆ ಆರು ಪಿಪಿಬಿ ಹತ್ರ. ನೆಲ ಮೀಥೇನ್ ತಿಂತಿದೆ. ಹ್ಯೂಮಸ್ ಕೆಳಗಿನ ಮಣ್ಣಲ್ಲಿ ಮೀಥೇನನ್ನೇ ಊಟ ಮಾಡಿ ಬದುಕೋ ಬ್ಯಾಕ್ಟೀರಿಯಾ ಇದಾವೆ, ಗಾಳೀಲಿರೋ ಇಷ್ಟು ತೆಳು ಮೀಥೇನನ್ನೂ ಹಿಡಿದು ತಿನ್ನೋ ಶಕ್ತಿ ಅವಕ್ಕೆ. ಇಡೀ ಪ್ರಪಂಚದ ಮಣ್ಣು ಸೇರಿ ಹಿಂಗೆ ವರ್ಷಕ್ಕೆ ಸುಮಾರು 3 ಕೋಟಿ ಟನ್ ತಿನ್ನುತ್ತೆ ಅಂತ ಅಂದಾಜು, ಪ್ರಪಂಚದಲ್ಲಿ ಹೊರಬರೋ ಒಟ್ಟು ಮೀಥೇನ್ 60 ಕೋಟಿ ಟನ್ ಆಸುಪಾಸು, ಅಂದ್ರೆ ನೂರಕ್ಕೆ ಐದರಷ್ಟು. ಮಿಕ್ಕಿದ್ದನ್ನ ಬಹುಪಾಲು ಆಕಾಶದಲ್ಲಿ ಹೈಡ್ರಾಕ್ಸಿಲ್ ಅನ್ನೋ ಚುರುಕು ಅಣು ಸುಟ್ಟು ಮುಗಿಸುತ್ತೆ. ಐದು ಪರ್ಸೆಂಟ್ ಅಂತ ಮೂಗು ಮುರೀಬೇಡಿ, ಭೂಮಿ ಬಿಸಿ ಮಾಡೋದ್ರಲ್ಲಿ ನೂರು ವರ್ಷದ ಲೆಕ್ಕಕ್ಕೆ ಒಂದು ಕೆಜಿ ಮೀಥೇನ್ ಅಂದ್ರೆ ಹತ್ರ ಹತ್ರ 28 ಕೆಜಿ ಕಾರ್ಬನ್ ಡೈಆಕ್ಸೈಡ್ ಇದ್ದಂಗೆ.

ಆ ಆರು ಪಿಪಿಬಿ ಇಳಿತ ಹಿಡಿಯೋದ್ರಲ್ಲಿ ಮೆಷಿನ್ ಸೂಪರ್, ಇದರಲ್ಲಿ ಎರಡು ಮಾತಿಲ್ಲ. ಮಳೆ ಬಂದ ಮಾರನೇ ದಿನ ಅದೇ ಕಾಲರಲ್ಲಿ ಇಳಿತ ಅರ್ಧಕ್ಕೆ ಬಂತು, ಮಣ್ಣಿನ ತೂತೆಲ್ಲಾ ನೀರು ತುಂಬಿದ್ರೆ ಗಾಳಿ ಕೆಳಗೆ ಇಳಿಯೋಕೇ ಆಗಲ್ಲ, ನೀರಲ್ಲಿ ಗ್ಯಾಸು ಹರಡೋದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ, ಬ್ಯಾಕ್ಟೀರಿಯಾಗೆ ಊಟವೇ ತಲುಪಲ್ಲ. ಜುಲೈ ಮಧ್ಯದಲ್ಲಿ ಹತ್ತು ದಿನ ಒಣ ಹವೆ ಇತ್ತು, ಆಗ ಇಳಿತ ನಿಮಿಷಕ್ಕೆ ಎಂಟಕ್ಕೆ ಹೋಯ್ತು. ಇಂಥ ಸಣ್ಣ ವ್ಯತ್ಯಾಸ ಅವತ್ತವತ್ತೇ ಕಾಡಲ್ಲೇ ಕೂತು ನೋಡೋದಿದೆಯಲ್ಲ, ಅದಕ್ಕೆ ಐದಕ್ಕೆ ಐದು ಸ್ಟಾರ್.

ಇನ್ನು ಬೈಗುಳ.

ಮೊದಲನೇದು ಡೇಟಾ ಫೈಲ್. ಎಕ್ಸ್‌ಪೋರ್ಟ್ ಒತ್ತಿದ್ರೆ ಬರೋ ಫೈಲಲ್ಲಿ ಮೀಥೇನಿಗೆ ಎರಡು ಕಾಲಂ ಇರುತ್ತೆ, ಒಂದು ಹಸಿ ಗಾಳಿ ಲೆಕ್ಕ, ಇನ್ನೊಂದು ನೀರಾವಿ ಕಳೆದ ಒಣ ಗಾಳಿ ಲೆಕ್ಕ. ಹೆಸರು ಒಂದೇ ಥರ, ಕೊನೇಲಿ ಒಂದಕ್ಷರ ವ್ಯತ್ಯಾಸ. ಟ್ಯಾಬ್ಲೆಟ್ಟಿನ ಗ್ರಾಫು ಕೇಳದೇನೇ ತೋರ್ಸೋದು ಹಸಿ ಲೆಕ್ಕ. ಇದ್ರಲ್ಲೇನಿದೆ ಅಂತೀರಾ? ಚೇಂಬರ್ ಮುಚ್ಚಿದ ತಕ್ಷಣ ಒಳಗೆ ಪಾಚಿ ಬೆವರೋಕೆ ಶುರು, ನೀರಾವಿ 1.2 ಪರ್ಸೆಂಟಿಂದ 1.8ಕ್ಕೆ ಏರುತ್ತೆ ಅಂತಿಟ್ಕೊಳ್ಳಿ. ನೀರಾವಿ ಜಾಗ ತಗೊಂಡಷ್ಟೂ ಬಾಕಿ ಎಲ್ಲಾ ಗ್ಯಾಸು ತೆಳು ಆಗುತ್ತೆ, 1,984ರಲ್ಲಿ 0.6 ಪರ್ಸೆಂಟ್ ಅಂದ್ರೆ 12 ಪಿಪಿಬಿ. ನಿಜವಾದ ಇಳಿತ 29, ಅದಕ್ಕೆ ಸುಳ್ಳು 12 ಸೇರಿ 41 ಕಾಣುತ್ತೆ. ಕಾಡು ನಿಜಕ್ಕಿಂತ ನಲವತ್ತು ಪರ್ಸೆಂಟ್ ಹೆಚ್ಚು ಒಳ್ಳೇದಾಗಿ ಕಾಣುತ್ತೆ, ಯಾರಿಗೂ ಡೌಟೇ ಬರಲ್ಲ. ಜೌಗಲ್ಲಿ ಇದೇ ತಪ್ಪು ಮಾಡಿದ್ರೆ 2,000ದಲ್ಲಿ 12, ಗೊತ್ತೂ ಆಗಲ್ಲ. ನಾವು ಮೂರನೇ ವಾರ ಸಿಕ್ಕಿಬಿದ್ವಿ, ಡೇಟಾ ಉಳೀತು, ಎರಡೂ ಕಾಲಂ ಇದ್ದಿದ್ದರಿಂದ. ಆದ್ರೂ ಒಣ ಲೆಕ್ಕವನ್ನೇ ಮುಂದೆ ಇಟ್ಟಿದ್ರೆ ಕಂಪನಿ ಗಂಟೇನು ಹೋಗ್ತಿತ್ತು?

ಎರಡನೇದು ಗಡಿಯಾರ. ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ ಮೆಷಿನ್ ಯುಟಿಸಿ ಟೈಮಿಗೆ (ಪ್ರಪಂಚಕ್ಕೆಲ್ಲಾ ಒಂದೇ ಸ್ಟ್ಯಾಂಡರ್ಡ್ ಟೈಮ್) ವಾಪಸ್, ಫಿನ್ಲೆಂಡಿನ ಬೇಸಿಗೆ ಟೈಮಿಗೂ ಅದಕ್ಕೂ ಮೂರು ಗಂಟೆ ವ್ಯತ್ಯಾಸ. ಅದೇನೋ ಕಳೀಬಹುದು ಕೂಡಬಹುದು. ಆದ್ರೆ ವಾರಕ್ಕೆ ನಲವತ್ತು ಸೆಕೆಂಡ್ ಹಿಂದೆ ಬೀಳ್ತಿತ್ತು, ನಾನು ಟ್ಯಾಬ್ಲೆಟ್ಟಲ್ಲಿ 10:42ಕ್ಕೆ ಮುಚ್ಚಿದೆ ಅಂತ ಬರೆದಿದ್ರೆ ಫೈಲಲ್ಲಿ ಆ ಹೊತ್ತಿಗೆ ಇಳಿತ ಶುರುವಾಗಿ ಅರ್ಧ ನಿಮಿಷ ಆಗಿರ್ತಿತ್ತು. ಇದಕ್ಕೆ ನಮ್ಮ ಜೊತೆಗಿದ್ದ ಹಳೇ ಫೀಲ್ಡ್ ಟೆಕ್ನೀಷಿಯನ್ ಒಂದು ಉಪಾಯ ಹೇಳಿಕೊಟ್ರು, ದಿನಾ ಬೆಳಿಗ್ಗೆ ಫೋನ್ ಟೈಮ್ ನೋಡ್ಕೊಂಡು ಪೈಪ್ ಬಾಯಿಗೆ ಒಂದು ಸಲ ಉಸಿರು ಊದೋದು. ಫೈಲಲ್ಲಿ ಕಾರ್ಬನ್ ಡೈಆಕ್ಸೈಡ್ ದಿಢೀರಂತ ಗೋಪುರ ಎದ್ದಂಗೆ ಏರುತ್ತೆ, ಅದೇ ನಿಮ್ಮ ಟೈಮ್ ಮಾರ್ಕ್. ನಾನು ಊದಿದ್ರೆ ಬರೀ ಕಾರ್ಬನ್ ಡೈಆಕ್ಸೈಡ್. ಜೊತೆಗಿದ್ದ ಹುಡುಗಿ ಊದಿದ್ರೆ ಮೀಥೇನೂ ಗೋಪುರ! ಕೆಲವರ ಹೊಟ್ಟೇಲಿ ಮೀಥೇನ್ ಮಾಡೋ ಆರ್ಕಿಯಾ ಇರ್ತವೆ, ಉಸಿರಲ್ಲೂ ಬರುತ್ತೆ, ಅದರಲ್ಲಿ ನಾಚಿಕೆಪಡೋಂಥದ್ದೇನಿಲ್ಲ, ಆದ್ರೆ ಅವತ್ತಿಂದ ಚೇಂಬರ್ ಮುಚ್ಚುವಾಗ ಅವಳು ಉಸಿರು ಬಿಗಿಹಿಡ್ಕೊಂಡು ಗಾಳಿ ಬೀಸೋ ಕಡೆಗೆ ಓಡೋಳು.

ಮೂರನೇದೇ ದೊಡ್ಡದು. ಮರದ ಕಾಂಡ.

ಹಿನ್ನೆಲೆ ಸ್ವಲ್ಪ ಹೇಳ್ಬೇಕು. ಕಾಡು ಅಂದ್ರೆ ಬರೀ ನೆಲ ಅಲ್ಲವಲ್ಲ, ಮರನೂ ಮೀಥೇನ್ ವ್ಯವಹಾರ ಮಾಡುತ್ತೆ. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫ್ರ್ಯಾಂಕ್ ಕೆಪ್ಲರ್ ತಂಡ ಆಕ್ಸಿಜನ್ ಇದ್ರೂ ಗಿಡಗಳು ತಾವೇ ಮೀಥೇನ್ ಬಿಡ್ತವೆ ಅಂತ ಹೇಳಿದಾಗ ದೊಡ್ಡ ಗಲಾಟೆನೇ ಆಯ್ತು, ವರ್ಷಾನುಗಟ್ಟಲೆ ಜಗಳ. ಆಮೇಲೆ ಕಾಂಡದ ಮೇಲೆ ಚೇಂಬರ್ ಕಟ್ಟಿ ಅಳೆಯೋರು ಹೆಚ್ಚಾದ್ರು, ಜೌಗು ಕಡೆಯ ಬರ್ಚ್ ಮರಗಳು ಬೇರಿಂದ ಮೀಥೇನ್ ಮೇಲೆಳೆದು ತೊಗಟೆಯಿಂದ ಬಿಡೋದು ಕಂಡಿತು, ಹ್ಯುಟಿಯಾಲಾದ ಪೈನ್ ಕಾಂಡಗಳಲ್ಲೂ ಅಳೆದರು. ಹ್ಯುಟಿಯಾಲಾ ಅಂದ್ರೆ ಹೆಲ್ಸಿಂಕಿ ಯೂನಿವರ್ಸಿಟಿಯ ಅರಣ್ಯ ಕೇಂದ್ರ, ಅಲ್ಲಿ ಸ್ಮಿಯರ್ 2 ಅನ್ನೋ ಅಳತೆ ಸ್ಟೇಷನ್ 1995ರಿಂದ ನಡೀತಿದೆ, ಈ ಫೀಲ್ಡಿನವರಿಗೆ ತೀರ್ಥಕ್ಷೇತ್ರ. ಇದಾದ ಮೇಲೆ 2024ರಲ್ಲಿ ವಿನ್ಸೆಂಟ್ ಗೌಚಿ ಮತ್ತವರ ಜೊತೆಗಾರರು ಅಮೆಜಾನ್, ಪನಾಮಾ, ಇಂಗ್ಲೆಂಡ್, ಸ್ವೀಡನ್ ಕಾಡುಗಳಲ್ಲಿ ಅಳೆದು ಒಣ ನೆಲದ ಮರಗಳ ತೊಗಟೆ ಮೇಲೆ ಮೇಲೆ ಹೋದಂಗೆ ಮೀಥೇನ್ ಹೀರುತ್ತೆ ಅಂದ್ರು. ಬುಡದಲ್ಲಿ ಬಿಡ್ತು, ಮೇಲೆ ಹೀರ್ತು, ಲೆಕ್ಕ ಯಾವ ಕಡೆ ವಾಲುತ್ತೆ ಅನ್ನೋದೇ ಈಗಿನ ಪ್ರಶ್ನೆ. ನಾವೂ ಅದಕ್ಕೇ ಎಂಟು ಪೈನ್ ಮರಕ್ಕೆ ಬುಡದಲ್ಲೊಂದು ಎದೆ ಎತ್ತರಕ್ಕೊಂದು ಸಣ್ಣ ಚೇಂಬರ್ ಕಟ್ಟಿದ್ವಿ, ನಾಲ್ಕು ಮರಕ್ಕೆ ಮೂರು ಮೀಟರ್ ಮೇಲೂ.

ಕಾಂಡದ ಲೆಕ್ಕ ನೆಲಕ್ಕಿಂತ ತುಂಬಾ ಚಿಕ್ಕದು, ನಿಮಿಷಕ್ಕೆ ಒಂದು ಪಿಪಿಬಿ ಬದಲಾದ್ರೆ ಅದೇ ಹಬ್ಬ. ಎರಡು ವಾರ ಕಳೆದಾಗ ನಮ್ಮ ಡೇಟಾದಲ್ಲಿ ಒಂದು ಚೆಂದದ ಪ್ಯಾಟರ್ನ್ ಕಾಣಿಸ್ತು: ಬೆಳಿಗ್ಗೆ ಕಾಂಡಗಳು ಸೊನ್ನೆ, ಮಧ್ಯಾಹ್ನ ಒಂದು ಗಂಟೆ ಮೇಲೆ ಎಲ್ಲಾ ಮರವೂ ಮೀಥೇನ್ ಬಿಡೋಕೆ ಶುರು, ಮೂರು ಗಂಟೆ ಹೊತ್ತಿಗೆ ಮತ್ತೆ ಕಮ್ಮಿ. ಬಿಸಿಲಿಗೆ ಮರ ನೀರೆಳೆಯುತ್ತೆ, ಆ ನೀರಲ್ಲಿ ಕರಗಿರೋ ಮೀಥೇನ್ ಮೇಲೆ ಬರ್ತಿದೆ ಅಂತ ಕಥೆ ಕಟ್ಟೋಕೆ ಎಷ್ಟೊತ್ತು ಬೇಕು? ಗೈಡಿಗೆ ಮೆಸೇಜ್ ಹಾಕಿದ್ದೂ ಆಯ್ತು, ಗ್ರಾಫ್ ಮಾಡಿದ್ದೂ ಆಯ್ತು, ನಾನಂತೂ ರಾತ್ರಿ ಮನಸ್ಸಲ್ಲೇ ಪೇಪರಿನ ಟೈಟಲ್ ಬರ್ಕೊಂಡಿದ್ದೆ.

ಆ ಹಳೇ ಟೆಕ್ನೀಷಿಯನ್ ಗ್ರಾಫ್ ನೋಡಿ ಏನೂ ಹೇಳ್ಲಿಲ್ಲ, ಕಾರಿಂದ ಒಂದು ಅಕ್ರಿಲಿಕ್ ಹಲಗೆ ತಂದು ಇದಕ್ಕೆ ಚೇಂಬರ್ ಕಟ್ಟು ಅಂದ್ರು. ಹಲಗೆ ಅಂದ್ರೆ ಜೀವ ಇಲ್ಲದ ಪ್ಲಾಸ್ಟಿಕ್ಕು, ಅದು ಬಿಡಲ್ಲ ಹೀರಲ್ಲ, ಗೆರೆ ಚಪ್ಪಟೆ ಇರ್ಬೇಕು. ಮಧ್ಯಾಹ್ನ 1:20ಕ್ಕೆ ಮುಚ್ಚಿದ್ವಿ. 1,991. 1,992. 1,994. ಐದು ನಿಮಿಷಕ್ಕೆ 1,997. ಹಲಗೆನೂ ಮೀಥೇನ್ ಬಿಡ್ತಿದೆ! ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಅದೇ ಹಲಗೆ, ಅದೇ ಚೇಂಬರ್, ಗೆರೆ ಮಟ್ಟಸ. ಮಧ್ಯಾಹ್ನ ಮತ್ತೆ ಏರಿಕೆ.

ಊಟದ ಹೊತ್ತಲ್ಲಿ ನಾವು ಮಾಡ್ತಿದ್ದ ಒಂದೇ ಕೆಲಸ ಬ್ಯಾಟರಿ ಬದಲಾಯಿಸೋದು. ಬ್ರೋಶರ್ ಪ್ರಕಾರ ಎರಡು ಬ್ಯಾಟರಿ ಇದಾವೆ, ಒಂದೊಂದಾಗಿ ತೆಗೆದು ಹಾಕಿದ್ರೆ ಮೆಷಿನ್ ನಿಲ್ಲೋದೇ ಇಲ್ಲ, ಅಳತೆ ಹಂಗೇ ಮುಂದುವರೀಬಹುದು. ಮೆಷಿನ್ ನಿಲ್ಲಲ್ಲ, ನಿಜ. ಹಸಿರು ದೀಪನೂ ಹಂಗೇ ಇರುತ್ತೆ. ಆದ್ರೆ ಫೈಲಿನ ಕೊನೇ ಕಾಲಮ್ಮುಗಳಲ್ಲಿ, ಯಾರೂ ತೆಗೆದು ನೋಡದ ಜಾಗದಲ್ಲಿ, ಒಳಗಿನ ಲೇಸರ್ ಕೋಣೆಯ ಟೆಂಪರೇಚರ್ ಇರುತ್ತೆ, ಅದು ಬ್ಯಾಟರಿ ತೆಗೆದ ತಕ್ಷಣ 0.3 ಡಿಗ್ರಿ ಬಿದ್ದು ಮತ್ತೆ ಮೇಲೆ ಬರೋಕೆ ಮುಕ್ಕಾಲು ಗಂಟೆ ತಗೊಳ್ತಿತ್ತು. ಒಂದೇ ಬ್ಯಾಟರಿ ಮೇಲೆ ನಡೀವಾಗ ಕರೆಂಟ್ ಉಳಿಸೋಕೆ ಹೀಟರ್ ಕೈಕೊಡುತ್ತೆ ಅಂತ ಆಮೇಲೆ ಗೊತ್ತಾಯ್ತು. ಆ ಮುಕ್ಕಾಲು ಗಂಟೆ ಮೆಷಿನ್ ತಾನೇ ಮೆಲ್ಲಗೆ ಮೇಲಕ್ಕೆ ತೇಲ್ತಾ ಇರುತ್ತೆ, ನಿಮಿಷಕ್ಕೆ ಒಂದು ಪಿಪಿಬಿ ಚಿಲ್ಲರೆ. ನಮ್ಮ ಮರಗಳು ಮಧ್ಯಾಹ್ನ ಮೀಥೇನ್ ಬಿಡ್ತಿರಲಿಲ್ಲ, ನಾವು ಊಟ ಮಾಡ್ತಿದ್ವಿ ಅಷ್ಟೇ.

ಹತ್ತೊಂಬತ್ತು ಮಧ್ಯಾಹ್ನದ ಕಾಂಡದ ಡೇಟಾ ಕಸದಬುಟ್ಟಿಗೆ. ನೆಲದ ಡೇಟಾ ಉಳೀತು ಆದ್ರೂ ಆ ಹೊತ್ತಿನ ಹೀರಿಕೆ ನಿಜಕ್ಕಿಂತ ಕಮ್ಮಿ ಕಾಣ್ತಿತ್ತು, ಸರಿ ಮಾಡ್ಬೇಕಾಯ್ತು.

ಸಪೋರ್ಟಿಗೆ ಮೇಲ್ ಹಾಕಿದ್ವಿ. ಮೊದಲ ಉತ್ತರ, ಚೇಂಬರಿನ ಸೀಲ್ ಚೆಕ್ ಮಾಡಿ. ನಾವು ಹಲಗೆ ಗ್ರಾಫ್ ಕಳಿಸಿದ್ವಿ. ಎರಡನೇ ಉತ್ತರ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಮಾಡಿದ್ವಿ, ಗಡಿಯಾರ ಮತ್ತೆ ಯುಟಿಸಿಗೆ ಹೋಯ್ತು, ಮಿಕ್ಕಿದ್ದೆಲ್ಲಾ ಇದ್ದಂಗೇ ಇತ್ತು. ಮೂರನೇ ಉತ್ತರ, ಸೀಲ್ ಚೆಕ್ ಮಾಡಿ, ಈ ಸಲ ಬೇರೆಯವರ ಸಹಿ. ನಾಲ್ಕನೇ ಮೇಲಿಗೆ ಒಬ್ಬ ಎಂಜಿನಿಯರ್ ಫೋನೇ ಮಾಡಿದ್ರು, ಒಳ್ಳೇ ಮನುಷ್ಯ, ಹೌದು ಈ ಬ್ಯಾಚಲ್ಲಿ ಹಂಗಾಗೋದುಂಟು, ಬ್ಯಾಟರಿ ಬದಲಿಸಿದ ಮೇಲೆ 40 ನಿಮಿಷ ಕಾದು ಅಳೀರಿ ಅಥವಾ ಕಾರಿನ ಕರೆಂಟಿಗೆ ಸಿಗಿಸಿ ಬದಲಿಸಿ ಅಂದ್ರು. ಇದನ್ನ ಮ್ಯಾನುಯಲ್ಲಲ್ಲಿ ಒಂದು ಸಾಲು ಬರೆದಿದ್ರೆ ಸಾಕಿತ್ತು. 140 ಪುಟದ ಮ್ಯಾನುಯಲ್ಲಲ್ಲಿ ಬೆನ್ನಿಗೆ ಹಾಕ್ಕೊಳ್ಳೋ ಬೆಲ್ಟ್ ಒಗೆಯೋದು ಹೇಗೆ ಅಂತ ಅರ್ಧ ಪುಟ ಇದೆ.

ಸಣ್ಣಪುಟ್ಟ ಕಂಪ್ಲೇಂಟ್ ಬೇಗ ಮುಗಿಸ್ತೀನಿ. ಬ್ಯಾಟರಿ ಎಂಟು ಗಂಟೆ ಅಂತಾರೆ, ಬೆಳಿಗ್ಗೆ ಐದು ಡಿಗ್ರಿ ಇದ್ರೆ ಐದೂವರೆ ಗಂಟೆ ಬಂದ್ರೆ ಪುಣ್ಯ. ಜೂನಲ್ಲಿ ಪೈನ್ ಪರಾಗ ಹಾರೋ ಹೊತ್ತಿಗೆ ಕಾಡೆಲ್ಲಾ ಹಳದಿ ಪುಡಿ, ಗಾಳಿ ಫಿಲ್ಟರ್ ವಾರಕ್ಕೆರಡು ಸಲ ಕಟ್ಕೊಳ್ತಿತ್ತು, ಬಾಕ್ಸಲ್ಲಿ ಕೊಟ್ಟಿದ್ದು ಎರಡೇ ಫಿಲ್ಟರ್. ಪೈಪ್ ನಾಲ್ಕು ಮೀಟರ್ ಕೊಡ್ತಾರೆ, ಮರದ ಮೇಲಿನ ಚೇಂಬರಿಗೆ ಸಾಲಲ್ಲ, ಉದ್ದ ಪೈಪ್ ಹಾಕಿದ್ರೆ ಗಾಳಿ ಮೆಷಿನ್ನಿಗೆ ತಲುಪೋಕೆ ತಡ ಆಗುತ್ತೆ, ಆ ತಡವನ್ನ ಸಾಫ್ಟ್‌ವೇರಲ್ಲಿ ಹಾಕೋ ಜಾಗ ಇದೆ ಅದೇ ಖುಷಿ. ಸ್ಕ್ರೀನ್ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ, ಪಂಪಿನ ಸದ್ದು ಸೊಳ್ಳೆ ಸದ್ದಿಗಿಂತ ಕಮ್ಮಿ. ಸೊಳ್ಳೆ ವಿಷಯ ಬೇಡ ಬಿಡಿ, ಜುಲೈನಲ್ಲಿ ಒಂದು ಚೇಂಬರ್ ಮುಚ್ಚಿ ಐದು ನಿಮಿಷ ಅಲ್ಲಾಡದೇ ಕೂರೋದು ಒಂದು ತಪಸ್ಸು.

ಒಂದು ವಾರ ಕಡಿದ ಕಾಡಿಗೂ ತಗೊಂಡು ಹೋಗಿದ್ವಿ, ಅದನ್ನ ಹೇಳ್ದೇ ಬಿಟ್ರೆ ಮೆಷಿನ್ನಿಗೆ ಅನ್ಯಾಯ. ಮೂರು ವರ್ಷದ ಹಿಂದೆ ಪೂರ್ತಿ ಮರ ತೆಗೆದ ಜಾಗ. ಮರ ನೀರು ಕುಡಿಯೋದು ನಿಂತ ಮೇಲೆ ನೆಲದ ನೀರು ಮೇಲೆ ಬಂದಿದೆ, ತಗ್ಗಲ್ಲಿ ಹಸಿರು ಪಾಚಿ ಶುರುವಾಗಿದೆ. ಹತ್ತು ಹೆಜ್ಜೆ ಅಂತರದಲ್ಲಿ ಒಂದು ಕಾಲರ್ ಮೈನಸ್ (ಹೀರ್ತಿದೆ), ಇನ್ನೊಂದು ಪ್ಲಸ್ (ಬಿಡ್ತಿದೆ), ಪಕ್ಕದ ಹಳೇ ಕಾಲುವೇಲಂತೂ ಗುಳ್ಳೆ ಎದ್ದು ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹಾರ್ತಿತ್ತು. ಫಿನ್ಲೆಂಡಿನ ಮೂಲ ಪೀಟ್ (ಅರೆಬರೆ ಕೊಳೆತ ಪಾಚಿ ಗಿಡದ ಪದರ) ಜೌಗಲ್ಲಿ ಅರ್ಧಕ್ಕಿಂತ ಜಾಸ್ತೀನ ಕಾಲುವೆ ತೋಡಿ ನೀರು ಬಸಿದಿದಾರೆ, ಬಹುಪಾಲು ಮರ ಬೆಳೆಸೋಕೆ ಅಂತ, ಹಂಗಾಗಿ ಇಂಥ ಕಾಲುವೆ ಎಲ್ಲಿ ನೋಡಿದ್ರೂ ಸಿಗುತ್ತೆ, ನೆಲ ಹೀರಿದ್ದನ್ನ ಕಾಲುವೆ ವಾಪಸ್ ಕೊಡುತ್ತೆ. ಸ್ವೀಡನ್ನಲ್ಲಿ ಉಪ್ಸಾಲಾ ಹತ್ರ ನೋರುಂಡಾ ಕಾಡಲ್ಲಿ ಸುತ್ತಲಿನ ಕಾಡು ಒಟ್ಟಾರೆ ಬಿಡೋ ಹೀರೋ ಗ್ಯಾಸ್ ಅಳೆಯೋ 102 ಮೀಟರ್ ಟವರ್ ಇದೆ, ಅಲ್ಲಿ ನೆಲದ ಚೇಂಬರ್ ಕಾಡು ಹೀರ್ತಿದೆ ಅಂದ್ರೆ ಟವರಿನ ಅಳತೆ ಒಟ್ಟಾರೆ ಬಿಡ್ತಿದೆ ಅಂತ ತೋರಿಸಿದ್ದುಂಟು. ಈ ಒಂದು ವಾರ ಓಡಾಡಿದ ಮೇಲೆ ನನಗದು ಆಶ್ಚರ್ಯ ಅನ್ನಿಸಲಿಲ್ಲ, ನಾವು ಚೇಂಬರ್ ಇಡೋದು ಕಾಲು ಒದ್ದೆಯಾಗದ ಕಡೆ, ಟವರ್ ನೋಡೋದು ಒದ್ದೆ ತಗ್ಗನ್ನೂ ಸೇರಿಸಿ. ಸಿರಿಂಜ್ ಹಿಡ್ಕೊಂಡು ದಿನಕ್ಕೆ ಆರು ಕಾಲರ್ ಮಾಡೋ ಕಾಲದಲ್ಲಿ ಯಾರು ತಗ್ಗು ಹುಡುಕ್ತಿದ್ರು? ಈ ಮೆಷಿನ್ ಇದ್ದಿದ್ದಕ್ಕೆ ನಾವು ಒಂದೇ ದಿನ ಮೂವತ್ತೊಂದು ಜಾಗ ಸುಮ್ನೆ ಕುತೂಹಲಕ್ಕೆ ಇಟ್ಟು ನೋಡಿದ್ವಿ, ಅದರಲ್ಲಿ ಏಳು ಪ್ಲಸ್. ಆ ಏಳಲ್ಲಿ ಒಂದೇ ಒಂದು, ಟ್ರ್ಯಾಕ್ಟರ್ ಚಕ್ರದ ಗುಂಡಿ, ಒಣ ಕಾಲರ್ ಎಲ್ಲಾ ಸೇರಿ ಹೀರಿದ್ದಕ್ಕಿಂತ ಜಾಸ್ತಿ ಬಿಡ್ತಿತ್ತು.

ಯಾರಿಗೆ ತಗೊಳ್ಳಿ ಅಂತೀನಿ? ಜೌಗು, ಕಾಲುವೆ, ಕೆರೆ ಅಂಚು ಮಾತ್ರ ಅಳೆಯೋರಿಗೆ ಇದು ಅತಿಯಾಯ್ತು, ಇದಕ್ಕಿಂತ ಅಗ್ಗದ ಹಗುರದ ಮೀಟರ್ ಸಾಕು. ಒಣ ಕಾಡಿನ ನೆಲ ಅಳೆಯೋರು ಕಣ್ಮುಚ್ಚಿ ತಗೊಳ್ಳಿ, ಒಣ ಗಾಳಿ ಕಾಲಂ ಯಾವುದು ಅಂತ ಮೊದಲ ದಿನವೇ ಟೇಪ್ ಅಂಟಿಸಿ ಬರೆದಿಟ್ಕೊಳ್ಳಿ. ಮರದ ಕಾಂಡ ಅಳೆಯೋರು ಮೆಷಿನ್ ಜೊತೆ ಒಂದು ಅಕ್ರಿಲಿಕ್ ಹಲಗೆನೂ ತಗೊಳ್ಳಿ, ದಿನಕ್ಕೆ ನಾಲ್ಕು ಸಲ ಅದಕ್ಕೆ ಕಟ್ಟಿ ನೋಡಿ, ಬೆಳಿಗ್ಗೆ ಒಂದು, ಊಟದ ಮೊದಲು ಒಂದು, ಊಟ ಆದ ಮೇಲೆ ಒಂದು, ಮನೆಗೆ ಹೋಗೋವಾಗ ಒಂದು. ಹಲಗೆ ಏನಾದ್ರೂ ಬಿಡ್ತಿದ್ರೆ ಮರದ ಮಾತು ಅವತ್ತು ನಂಬಬೇಡಿ.

ಅಳತೆಗೆ ಐದು, ಹೊರೋದಕ್ಕೆ ಮೂರು, ಸಾಫ್ಟ್‌ವೇರಿಗೆ ಎರಡು, ಸಪೋರ್ಟಿಗೆ ಒಂದೂವರೆ, ಆ ಅರ್ಧ ಫೋನ್ ಮಾಡಿದ ಎಂಜಿನಿಯರಿಗೆ. ಒಟ್ಟು ಮೂರೂವರೆ ಅಂತಿಟ್ಕೊಳ್ಳಿ, ಸರಾಸರಿ ಹಂಗೆ ಬರಲ್ಲ ಅಂತ ಗೊತ್ತು, ಅಳತೆಗೆ ಜಾಸ್ತಿ ತೂಕ ಕೊಟ್ಟಿದೀನಿ.

ಆಗಸ್ಟ್ ಕೊನೇಲಿ ಫೋಮ್ ಪೆಟ್ಟಿಗೇಲಿ ಹಾಕಿ ವಾಪಸ್ ಕಳಿಸಿದ್ವಿ, ಫಿಲ್ಟರ್ ಬಿಚ್ಚಿದಾಗ ಒಳಗೆ ಎರಡು ಸೊಳ್ಳೆ ಒಣಗಿ ಅಂಟಿದ್ವು. ಮುಂದಿನ ಬೇಸಿಗೆಗೆ ಆಗಲೇ ಬುಕ್ ಮಾಡಿದೀವಿ, ಹೊಸ ಪೀಸ್ ಕೊಡ್ತೀವಿ ಅಂದ್ರು, ನಾವೇ ಬೇಡ ಅಂತ ಹೇಳಿ ಇದೇ ಸೀರಿಯಲ್ ನಂಬರ್ ಕೇಳಿದೀವಿ. ಇದರ ಕೆಟ್ಟ ಬುದ್ಧಿ ಏನೇನು ಅಂತ ನಮಗೆ ಗೊತ್ತಿದೆ, ಹೊಸದರದ್ದು ಗೊತ್ತಾಗೋಕೆ ಇನ್ನೆಷ್ಟು ಮಧ್ಯಾಹ್ನ ಬೇಕೋ.